ಒಡೆದರೇ ಸೌಂಡು

ಹರದನಹಳ್ಳಿಯವನು ಅಂದ ಕೂಡಲೇ ಹೊರಗಿನವರ ಬಾಯಲ್ಲಿ ಬರುವುದು ಒಂದೇ ಮಾತು: "ಓ, ಗೌಡ್ರೂರು!" ಹೌದು, ಹೊಳೆನರಸೀಪುರ ತಾಲ್ಲೂಕಿನ ಅದೇ ಹರದನಹಳ್ಳಿ, ದೇಶಕ್ಕೊಬ್ಬ ಪ್ರಧಾನಮಂತ್ರಿಯನ್ನು ಕೊಟ್ಟ ಊರು. ಇಂಥ ಊರಲ್ಲಿ ಹುಟ್ಟಿದ ಮೇಲೆ ನಾನೂ ಒಂದಿಷ್ಟು ಸದ್ದು ಮಾಡಬೇಕು ಅನ್ನುವ ಆಸೆ ಮೊದಲಿನಿಂದ ಇತ್ತು. ರಾಜಕೀಯದಲ್ಲಿ ಅದು ಕೈಗೂಡಲಿಲ್ಲ. ಡೇರಿ ಎಲೆಕ್ಷನ್ನಿನಲ್ಲಿ ನನ್ನ ಹೆಸರು ಸೂಚಿಸಿದವನೇ ನನಗೆ ಓಟು ಹಾಕಲಿಲ್ಲ. ಕೊನೆಗೆ ಉಳಿದದ್ದು ಆಂಪ್ಲಿಫೈಯರ್ ಒಂದೇ.

ನನ್ನ ಕಸುಬು ಪಕ್ಕದೂರಿನ ಡೇರಿಯಲ್ಲಿ ಹಾಲು ಟೆಸ್ಟ್ ಮಾಡುವುದು. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು, ಮಿಷನ್ ಏನು ತೋರಿಸಿತೋ ಅದೇ ವೇದವಾಕ್ಯ. "ನಮ್ ಹಸ ಹಂಗಿಲ್ಲ ಕಣಣ್ಣ, ಇನ್ನೊಂದ್ ಕಿತ ನೋಡು" ಅಂತ ಯಾರು ಎಷ್ಟೇ ಗೋಗರೆದರೂ ಬಿಂದುವಿನ ಆಚೆಯ ಅಂಕಿಯನ್ನೂ ಬಿಟ್ಟುಕೊಟ್ಟವನಲ್ಲ. ಇಂಥವನ ಕಣ್ಣಿಗೆ ಹಾಸನದ ಅಂಗಡಿಯೊಂದರಲ್ಲಿ ಆಂಪ್ಲಿಫೈಯರಿನ ಒಂದು ರಟ್ಟಿನ ಡಬ್ಬ ಬಿತ್ತು. ಅದರ ಮೇಲೆ 'ಹಾರ್ಮೋನಿಕ್ ಡಿಸ್ಟಾರ್ಷನ್ ಶೇ. 0.01' ಅಂತ ಅಚ್ಚಾಗಿತ್ತು. ಅಂದರೆ ಹಾಡಿಗೆ ಪೆಟ್ಟಿಗೆ ತಾನಾಗಿ ಬೆರೆಸುವ ಕಲಬೆರಕೆ ನೂರರಲ್ಲಿ ಒಂದಲ್ಲ, ಹತ್ತು ಸಾವಿರದಲ್ಲಿ ಒಂದು! ಇಷ್ಟು ಶುದ್ಧವಾದದ್ದನ್ನು ನಾನು ಡೇರಿಯಲ್ಲಿ ಕಂಡಿಲ್ಲ, ಮನೆಯಲ್ಲೂ ಕಂಡಿಲ್ಲ. ಆಲೂಗಡ್ಡೆಯ ದುಡ್ಡು ಸಾಲಲಿಲ್ಲ ಅಂತ ಸೊಸೈಟಿಯಲ್ಲಿ ಸಾಲ ಎತ್ತಿ ಅದನ್ನು ತಂದುಬಿಟ್ಟೆ.

ಸಾಲದ ವಿಷಯ ಅವ್ವನಿಗೆ ಹೇಳದೆ ಇರುವುದು ಹೇಗೆ? ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಹತ್ತಿರ ಹೋಗಿ, "ಸಾಲ ಮಾಡಿ ತಂದೆ ಕಣವ್ವ" ಅಂದೆ.

"ಹಾಲ್ ಮಾರಿ ತಂದ್ಯಾ? ಒಳ್ಳೇದಾತು ಬುಡಪ್ಪ."

ತಿದ್ದಲಿಲ್ಲ. ಇದರಲ್ಲಿ ನನ್ನ ಪಾಪವೇನೂ ಇಲ್ಲ, ಎಲ್ಲ ಅವ್ವನ ಒಳಗಿವಿಯ ಕೂದಲೆಳೆ ಜೀವಕೋಶಗಳ ಕರಾಮತ್ತು. ಎಳೆಯ ಕಿವಿಗೆ 20 ಹರ್ಟ್ಝ್‌ನಿಂದ 20,000 ಹರ್ಟ್ಝ್‌ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲುಗಡೆಯಿಂದ ಒಂದೊಂದೇ ಬಾಗಿಲು ಮುಚ್ಚುತ್ತ ಬರುತ್ತದೆ. ಆ, ಈ, ಊ ಇರುವುದು ಕೆಳಗಡೆ, ಅವಕ್ಕೆ ಮೋಸವಿಲ್ಲ. ಸ, ಶ, ಚಗಳ ಸುಯ್ಲಿನ ಜೀವವೆಲ್ಲ ಇರುವುದು ಕೆಲವು ಸಾವಿರ ಹರ್ಟ್ಝ್‌ಗಳ ಮೇಲೆ, ಮೊದಲು ಹೋಗುವುದೇ ಅವು. ಹಾಗಾಗಿ ಮಾತು ಆಡಿದ್ದು ಗೊತ್ತಾಗುತ್ತದೆ, ಏನು ಆಡಿದ್ದು ಅನ್ನುವುದು ಗೊತ್ತಾಗುವುದಿಲ್ಲ. ಸಾಲ ಮಾಡುವ ಗಂಡುಮಕ್ಕಳ ಮೇಲೆ ಪ್ರಕೃತಿಗೆ ಅಷ್ಟಾದರೂ ಕರುಣೆ ಇದೆ.

ಹೆಂಡತಿಯ ಕಿವಿ ಇನ್ನೂ ಹಾಗಾಗಿಲ್ಲ.

"ಹಳೇದಕ್ಕೇನಾಗಿತ್ತು?" ಅಂತ ಶುರು ಮಾಡಿದಳು. ಹಳೆಯದು ಅಂದರೆ ಮದುವೆಗೆ ಮುಂಚೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿದ ತಗಡಿನ ಪೆಟ್ಟಿಗೆ. ಒಳಗಿರುವುದು 4440 ಐಸಿ, ಒಂದು ಕಾಲಕ್ಕೆ ಟ್ರ್ಯಾಕ್ಟರಿನಿಂದ ಕಟಿಂಗ್ ಶಾಪಿನವರೆಗೆ ಹಾಡಿಸಿದ ಮಹಾನುಭಾವ. ಪೆಟ್ಟಿಗೆಯ ಮುಖದ ಮೇಲೆ '1000 ವ್ಯಾಟ್ ಪಿಎಂಪಿಒ' ಅಂತ ಮಿರಮಿರ ಸ್ಟಿಕ್ಕರು. ಅಸಲಿಗೆ ಆ ಐಸಿ ಕೊಡುವುದು ಒಂದೊಂದು ಕಡೆಗೆ 6 ವ್ಯಾಟ್, ಎರಡನ್ನೂ ಸೇರಿಸಿ ಬ್ರಿಡ್ಜ್ ಮಾಡಿದರೆ 19. ಅದೂ ಶೇ. 10ರಷ್ಟು ಡಿಸ್ಟಾರ್ಷನ್ ಬರುವ ಮಟ್ಟಕ್ಕೆ ಹಿಂಡಿದಾಗ. ಪಿಎಂಪಿಒ ಅನ್ನುವುದು ಚುನಾವಣಾ ಪ್ರಣಾಳಿಕೆಯ ವ್ಯಾಟು, ಅದನ್ನು ಯಾರೂ ಗೆದ್ದ ಮೇಲೆ ಕೇಳಬಾರದು.

"ಅದು 19, ಇದು 40. ಡಬಲ್‌ಗಿಂತ ಜಾಸ್ತಿ, ಕೇಳು" ಅಂತ ಹಾಡು ಹಾಕಿದೆ. ಅವಳು ಸೌಟು ಹಿಡಿದುಕೊಂಡೇ ಒಂದು ಚರಣ ಕೇಳಿದಳು.

"ಮಿಕ್ಕಿದ್ದನ್ನ ಅಂಗಡೀಲೇ ಬಿಟ್ ಬಂದ್ರಾ?"

ಏನು ಹೇಳಲಿ? ವ್ಯಾಟು ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬಲ್. ಕಿವಿಯ ಭಾಷೆಯಲ್ಲಿ ಅದು 'ಏನೋ ಒಂಚೂರು ಏರ್‍ದಂಗದೆ' ಅನ್ನುವಷ್ಟು. ಸದ್ದು ಎರಡು ಪಟ್ಟಾಯಿತು ಅಂತ ಮನುಷ್ಯನಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ಸ್ 1936ರಲ್ಲಿ ಇದಕ್ಕಾಗಿಯೇ 'ಸೋನ್' ಅಂತ ಒಂದು ಅಳತೆ ತಂದರು. 1000 ಹರ್ಟ್ಝ್‌ನ ನಾದ 40 ಡೆಸಿಬಲ್ ಇದ್ದರೆ ಒಂದು ಸೋನ್, 50ಕ್ಕೆ ಎರಡು, 60ಕ್ಕೆ ನಾಲ್ಕು. ಇದನ್ನೆಲ್ಲ ಅವಳಿಗೆ ಉತ್ಸಾಹದಿಂದ ವಿವರಿಸಿದ್ದೇ ತಪ್ಪಾಯಿತು. ಅವಳು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು.

"ಹಂಗಾದ್ರೆ ಎರಡು ಪಟ್ಟಿಗೆ 190 ವ್ಯಾಟ್, ನಾಲ್ಕು ಪಟ್ಟಿಗೆ 1900. ಎರಡೂವರೆ ಹೆಚ್‌ಪಿ ಮೋಟರ್ ಕಣ್ರೀ ಅದು! ಅದ್ರಲ್ಲಿ ಹಾಡ್ ಕೇಳೋ ಬದ್ಲು ತೋಟಕ್ಕೆ ನೀರಾದ್ರೂ ಹಾಯಿಸ್ಬೌದು."

ಲೆಕ್ಕ ಸರಿಯಾಗಿತ್ತು. ಅದೇ ನನಗೆ ಆಗದ ವಿಷಯ.

ರಾತ್ರಿ ಇನ್ನೊಂದು ಗ್ರಹಚಾರ. ಅವ್ವ ಮಲಗಿದ್ದಾಳೆ ಅಂತ ವಾಲ್ಯೂಮ್ ಇಳಿಸಿದೆ. ಹಾಡಿನವಳು ಉಳಿದಳು, ಮೃದಂಗದ ಎಡಭಾಗ ಎದ್ದುಹೋಯಿತು. ಬಾಸು ಅನ್ನುವುದು ಹುಡುಕಿದರೂ ಇಲ್ಲ. ಸ್ಪೀಕರ್ ವೈರು ಸಡಿಲವಾಗಿರಬೇಕು ಅಂತ ಪೆಟ್ಟಿಗೆ ಹಿಂದೆ ಟಾರ್ಚು ಬಿಟ್ಟುಕೊಂಡು ಕೂತೆ. ವೈರು ಬಿಗಿಯಾಗಿಯೇ ಇತ್ತು, ಸಡಿಲವಾಗಿದ್ದದ್ದು ನನ್ನ ತಿಳಿವಳಿಕೆ. ಅಮೆರಿಕದ ಬೆಲ್ ಲ್ಯಾಬೊರೇಟರಿಯಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಜನರ ಕಿವಿಗೆ ಬಗೆಬಗೆಯ ನಾದ ಕೇಳಿಸಿ, ಯಾವುದು ಯಾವುದಕ್ಕೆ ಸಮಜೋರು ಅಂತ ಕೇಳಿ ಕೇಳಿ ಗೆರೆ ಎಳೆದು, ಅದನ್ನು ಪ್ರಕಟಿಸಿದ್ದು 1933ರಲ್ಲಿ. ನಮ್ಮೂರಲ್ಲಿ ದೇವೇಗೌಡರು ಹುಟ್ಟಿದ ವರ್ಷವೂ ಅದೇ. ಊರಿನವರಿಗೆ ಎರಡನೆಯದು ಮಾತ್ರ ಗೊತ್ತು, ನಾನೂ ಹಾಗೇ ಇದ್ದೆ.

ಆ ಗೆರೆ ಹೇಳುವುದಿಷ್ಟು: ಕಿವಿ ಎಲ್ಲ ಸ್ವರಕ್ಕೂ ಒಂದೇ ಮರ್ಯಾದೆ ಕೊಡುವುದಿಲ್ಲ. ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರಿನ, ಒಂದು ಕಡೆ ಮುಚ್ಚಿದ ಕೊಳವೆ. ಅದು 3000 ಹರ್ಟ್ಝ್ ಆಸುಪಾಸಿನ ಸದ್ದಿಗೆ ತಾನೂ ದನಿಗೂಡಿಸುತ್ತದೆ. ಕುಕ್ಕರಿನ ಸೀಟಿ, ಮಗುವಿನ ಚೀರಾಟ, ಹಲಗೆಯ ಮೇಲೆ ಕೀರಿದ ಬಳಪ, ಎಲ್ಲ ಅಲ್ಲಿಯವೇ, ಅದಕ್ಕೇ ಎದೆಗೆ ಹೋಗಿ ನಾಟುತ್ತವೆ. ಬಾಸು ಪಾಪದ್ದು. 1000 ಹರ್ಟ್ಝ್‌ನ 40 ಡೆಸಿಬಲ್ ನಾದಕ್ಕೆ ಸಮನಾಗಿ ಕೇಳಿಸಿಕೊಳ್ಳಲು 50 ಹರ್ಟ್ಝ್‌ನ ನಾದ 70 ಡೆಸಿಬಲ್ ದಾಟಬೇಕು. ವಾಲ್ಯೂಮ್ ಏರಿಸಿದಾಗ ಈ ಅಂತರ ಕಿರಿದಾಗುತ್ತದೆ, ಇಳಿಸಿದಾಗ ಬಾಸೇ ಮೊದಲು ಮುಳುಗುತ್ತದೆ. ಆ ಕೊರತೆ ತುಂಬಲೆಂದೇ ಹಳೆಯ ಸೆಟ್ಟುಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಗುಂಡಿ ಇರುತ್ತಿತ್ತು. ನನ್ನ ಹೊಸದರಲ್ಲೂ ಇತ್ತು. ಒತ್ತಿದೆ. ಮೃದಂಗ ವಾಪಸ್ಸು ಬಂತು. ಸಂತೋಷಕ್ಕೆ ಅದನ್ನು ಒತ್ತಿದ್ದು ಮರೆತೇ ಮಲಗಿದೆ.

ಬೆಳಗ್ಗೆ ಡೇರಿಯಿಂದ ಬಂದು ಪೂರ್ತಿ ವಾಲ್ಯೂಮಿನಲ್ಲಿ ಭಕ್ತಿಗೀತೆ ಹಾಕಿದಾಗ ಅಡುಗೆಮನೆಯ ಸ್ಟ್ಯಾಂಡಿನಿಂದ ಸ್ಟೀಲ್ ಲೋಟಗಳು ಒಂದೊಂದಾಗಿ ಇಳಿದು ಬಂದವು.

ಈ ಗದ್ದಲದಲ್ಲಿ ನಮ್ಮ ಮನೆಗೆ ಸರಿಹೋಗುವ ಒಂದು ವಾಲ್ಯೂಮನ್ನು ಹುಡುಕುವುದು ನನ್ನ ಜೀವನದ ಗುರಿಯಾಯಿತು. ಅವ್ವನ ಕಿವಿ ಅದಕ್ಕೆ ಬಿಡಲಿಲ್ಲ. ಮೆಲ್ಲಗಿಟ್ಟರೆ "ಏನೂ ಕೇಳಾಕಿಲ್ಲ ಕಣ್ಲಾ, ಜೋರ್ ಮಾಡು." ಒಂದು ಗೆರೆ ಏರಿಸಿದರೆ "ಇನ್ನೂ." ಇನ್ನೊಂದು ಗೆರೆ ಏರಿಸಿದರೆ "ಅಯ್ಯಯ್ಯಪ್ಪ, ಯಾಕ್ಲಾ ಹಿಂಗ್ ಬಡ್ಕೊಳಂಗ್ ಮಾಡಿದ್ದೀಯಾ, ತಲೆ ಒಡ್ದೋಯ್ತದೆ!" ನಡುವೆ ನಿಲ್ಲುವ ಜಾಗವೇ ಇಲ್ಲ. ವಯಸ್ಸಾದ ಕಿವಿಗೆ ಮೆಲುದನಿ ತಲುಪುವುದಿಲ್ಲ, ದೊಡ್ಡ ದನಿ ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಬಂದು ಬಡಿಯುತ್ತದೆ. ಕೇಳಿಸದ್ದಕ್ಕೂ ತಡೆಯಲಾಗದ್ದಕ್ಕೂ ನಡುವಿನ ಅಂಗಳ ಒತ್ತುವರಿಯಾಗಿ ಹೋಗಿರುತ್ತದೆ. ಹಿರಿಯರು ಸಿಡುಕು ಅನ್ನುವವರು ಈ ಒತ್ತುವರಿ ನೋಡಿಲ್ಲ.

ಮಗ ಇದಕ್ಕೊಂದು ಉಪಾಯ ಮಾಡಿದ. ಮೊಬೈಲಿಗೆ ಡೆಸಿಬಲ್ ಅಳೆಯುವ ಆಪ್ ಹಾಕಿಕೊಟ್ಟು, "ಅಪ್ಪಾ, 2000ನೇ ಇಸವಿ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45. ಅಷ್ಟರೊಳಗೆ ಇಟ್ಕೋ" ಅಂದ. ಕಾನೂನಿಗೆ ತಲೆಬಾಗಿ ಆಂಪ್ಲಿಫೈಯರ್ ಆಫ್ ಮಾಡಿ ಆಪ್ ಆನ್ ಮಾಡಿದೆ. ಕಾಫಿಗೆ ಸಕ್ಕರೆ ಜಾಸ್ತಿಯಾಯಿತೋ ಕಮ್ಮಿಯಾಯಿತೋ ಅನ್ನುವ ನಮ್ಮ ಮಾಮೂಲಿ ಮಾತುಕತೆಯೇ 60 ದಾಟಿತು. ಕುಕ್ಕರ್ ಕೂಗಿದಾಗ ಮುಳ್ಳು ಎಲ್ಲಿಗೆ ಹೋಯಿತು ಅಂತ ಬರೆದರೆ ನಾಳೆ ಯಾರಾದರೂ ನೋಟಿಸು ತರಬಹುದು.

ಆ ಅಳತೆಯಲ್ಲೂ ಒಂದು ತಮಾಷೆ ಇದೆ. ನಿಯಮದಲ್ಲಿರುವುದು 'ಎ' ತೂಕದ ಡೆಸಿಬಲ್. ಮೆಲುದನಿಗೆ ಕಿವಿ ಹೇಗೆ ಸ್ಪಂದಿಸುತ್ತದೆ ಅನ್ನುವ ಗೆರೆಯನ್ನು ಆಧರಿಸಿದ್ದು ಅದು, ಹಾಗಾಗಿ 50 ಹರ್ಟ್ಝ್‌ನ ಸದ್ದಿನಲ್ಲಿ 30 ಡೆಸಿಬಲ್ಲನ್ನು ಕಳೆದೇ ಲೆಕ್ಕ ಹಾಕುತ್ತದೆ. ಮದುವೆ ಮೆರವಣಿಗೆಯ ಡಿ.ಜೆ. ಗಾಡಿ ಹಾದುಹೋದಾಗ ಕೊಟ್ಟಿಗೆಯ ಹೆಂಚು ನಡುಗುತ್ತದೆ, ಹಸು ಹಗ್ಗ ಕೀಳುತ್ತದೆ, ಹಾಗಿದ್ದರೂ ಆ ಬಾಸಿನ ಬಹುಪಾಲು ಮೀಟರಿನ ಲೆಕ್ಕಕ್ಕೇ ಬರುವುದಿಲ್ಲ. ಹಸುವಿನ ಕೈಗೆ ಮೀಟರ್ ಕೊಟ್ಟವರಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ, ಆ ಶೇ. 0.01ಕ್ಕೆ. ಎಷ್ಟು ದುಡ್ಡು ಕೊಟ್ಟು ತಂದ ಶುದ್ಧತೆ! ಅದನ್ನು ಮನೆಯವರು ಒಂದೇ ಮಾತಲ್ಲಿ ಮುಗಿಸಿದರು: ಸಪ್ಪೆ. "ಹಳೇದೇ ಜೋರಾಗಿತ್ತು" ಅಂತ ಹೆಂಡತಿ, "ಹಳೇದ್ರಲ್ಲಿ ಒಂದು ಖದರ್ ಇತ್ತಪ್ಪ" ಅಂತ ಮಗ. ನನಗೂ ಒಳಗೊಳಗೇ ಹಾಗೇ ಅನ್ನಿಸುತ್ತಿತ್ತು, ಆದರೆ ಸೊಸೈಟಿಯ ಕಂತು ಬಾಕಿ ಇರುವವನು ಅದನ್ನೆಲ್ಲ ಬಾಯಿಬಿಟ್ಟು ಹೇಳುವಂತಿಲ್ಲ. 40 ವ್ಯಾಟಿನದು 19 ವ್ಯಾಟಿನದಕ್ಕಿಂತ ಮೆತ್ತಗೆ ಕೇಳುವುದು ಅಂದರೆ ಏನು? ಇನ್ನೂ ಏರಿಸು, ಇನ್ನೂ ಏರಿಸು ಅನ್ನಿಸುವುದು ಯಾಕೆ?

ಯಾಕೆಂದರೆ ಕಿವಿಗೆ ಡೆಸಿಬಲ್ ಮೀಟರ್ ಇಲ್ಲ, ಅದು ಸಾಕ್ಷಿ ನೋಡಿ ತೀರ್ಪು ಕೊಡುವ ಪಂಚಾಯ್ತಿ. ಮನುಷ್ಯ ಕಿರುಚಿದಾಗ ಗಂಟಲು ಒಡೆಯುತ್ತದೆ, ತಮಟೆ ಜೋರಾಗಿ ಬಡಿದಾಗ ಚರ್ಮ ಚಿಟಿಲೆನ್ನುತ್ತದೆ. ಒಡೆದ ದನಿ ಕೇಳಿದ ಕೂಡಲೇ 'ಓಹೋ, ಇದು ಜೋರು' ಅಂತ ಕಿವಿ ಷರಾ ಬರೆದುಬಿಡುತ್ತದೆ. 4440ಕ್ಕೆ ಕೈಲಾಗದಷ್ಟು ವಾಲ್ಯೂಮ್ ಕೊಟ್ಟಾಗ ಅಲೆಯ ನೆತ್ತಿಯೂ ಬುಡವೂ ಕತ್ತರಿಸಿಹೋಗಿ, ದುಂಡಗಿದ್ದದ್ದು ಚೌಕವಾಗುತ್ತದೆ. ಆ ಚೌಕದಲ್ಲಿ ಮೂಲದ ಸ್ವರದ ಜೊತೆ ಅದರ ಮೂರು, ಐದು, ಏಳು, ಒಂಬತ್ತು ಪಟ್ಟಿನ ಸ್ವರಗಳೆಲ್ಲ ಹುಟ್ಟಿಕೊಳ್ಳುತ್ತವೆ. ಅವುಗಳಲ್ಲಿ ಎಷ್ಟೋ ಬಂದು ಬೀಳುವುದು ಕಿವಿ ಅತಿ ಚುರುಕಾಗಿರುವ ಆ ಎರಡು ಮೂರು ಸಾವಿರ ಹರ್ಟ್ಝ್‌ನ ಜಾಗಕ್ಕೇ. ಮೈಕ್‌ಸೆಟ್ಟಿನ ಹುಡುಗರು 'ಸೌಂಡ್ ಒಡೀತಾ ಅದೆ' ಅನ್ನುವುದು ಇದಕ್ಕೆ. ನಾನು ತಂದದ್ದು ಒಡೆಯದ ಪೆಟ್ಟಿಗೆ. ಏರಿಸಿದಷ್ಟೂ ಶಾಂತವಾಗಿ, ಸಾಕ್ಷಿ ಬಿಡದೆ, ಲೋಟಗಳು ಬೀಳುವವರೆಗೂ ಏರಿತು.

ಶುದ್ಧತೆಯ ಪರವಾಗಿ ಸಾಕ್ಷಿ ಹುಡುಕಲು ಮನೆಮಂದಿಯನ್ನೆಲ್ಲ ಕರೆದುಕೊಂಡು ರುದ್ರಪಟ್ಟಣಕ್ಕೆ ಹೋದೆ. ನಮ್ಮ ಜಿಲ್ಲೆಯದೇ, ಅರಕಲಗೂಡು ತಾಲ್ಲೂಕು, ಕಾವೇರಿ ದಡ. ಆರ್.ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರ ಹುಟ್ಟೂರು. ವಿದ್ವಾನ್ ಆರ್.ಕೆ. ಪದ್ಮನಾಭ ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ದೇವಸ್ಥಾನ ಕಟ್ಟಿಸಿದ್ದಾರೆ, ಸಪ್ತಸ್ವರ ದೇವತೆಗಳದು. ಕೆಳಗೆ ಬುರುಡೆ, ಮೇಲೆ ಉದ್ದನೆಯ ದಂಡಿಗೆ. ಇಷ್ಟು ದೊಡ್ಡ ತಂಬೂರಿ ಇರುವ ಊರಲ್ಲಿ ನನ್ನ ಪಕ್ಷ ಗೆಲ್ಲದೆ ಇದ್ದೀತೆ?

ಸಂಗೀತ ಕಲಿಯುವ ಹುಡುಗಿಯೊಬ್ಬಳು ಅಲ್ಲಿ ತಂಬೂರಿ ಶ್ರುತಿ ಮಾಡುತ್ತಿದ್ದಳು. ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೆಳೆ ದಾರ. ಬೆರಳ ತುದಿಯಲ್ಲಿ ಅದನ್ನು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಸಿದಳು, ತಂತಿ ಬರೀ 'ಟಂಯ್' ಅಂದಿತು. ಇನ್ನೊಂದಿಷ್ಟು ಮುಂದಕ್ಕೆ ತಂದಳು. ಎಲ್ಲೋ ಒಂದು ಕಡೆ ಸದ್ದು ಇದ್ದಕ್ಕಿದ್ದಂತೆ ಅರಳಿ 'ಝೇಂ' ಅಂತ ಗಾಳಿಯಲ್ಲೇ ನಿಂತುಬಿಟ್ಟಿತು. ಮಂದ್ರದ ತಂತಿ ಮೀಟಿದರೆ ಯಾರೂ ಹಾಡದ ಅಂತರಗಾಂಧಾರ ತಾನೇ ತಾನಾಗಿ ಕೇಳಿತು. ಮೂಲ ಸ್ವರದ ಐದು ಪಟ್ಟಿನ ಸ್ವರ ಅದು. ಎರಡು, ನಾಲ್ಕು ಪಟ್ಟು ಅಂದರೆ ಮೇಲಿನ ಷಡ್ಜಗಳು, ಮೂರು ಪಟ್ಟು ಅಂದರೆ ಪಂಚಮ. ತಂತಿಯನ್ನು ಯಾವ ಜಾಗದಲ್ಲಿ ಮೀಟಿದರೆ ಯಾವ ಉಪಸ್ವರ ಬರಕೂಡದು ಅಂತ ಐರೋಪ್ಯರ ಹಳೆಯ ನಿಯಮವೊಂದಿತ್ತು. ನಮ್ಮ ತಂಬೂರಿ, ವೀಣೆಗಳು ಅದನ್ನು ಮುರಿದು ಆ ಉಪಸ್ವರವನ್ನೂ ಹೊಮ್ಮಿಸುತ್ತವೆ ಅಂತ ಸಿ.ವಿ. ರಾಮನ್ 1921ರಲ್ಲೇ ಬರೆದರು.

"ಹಂಗಾದ್ರೆ ಇದೂ ಡಿಸ್ಟಾರ್ಷನ್ನೇ ತಾನೆ?" ಅಂದಳು ಹೆಂಡತಿ.

ಅಲ್ಲ, ತಂಬೂರಿಯ ಉಪಸ್ವರ ತಂಬೂರಿಯ ಸ್ವತ್ತು, ಆಂಪ್ಲಿಫೈಯರ್ ತನ್ನ ಜೇಬಿನಿಂದ ಸೇರಿಸಿದರೆ ಮಾತ್ರ ಡಿಸ್ಟಾರ್ಷನ್, ಅಂತ ಬಿಡಿಸಿ ಹೇಳಿದೆ. ಹುಡುಗಿ ನಕ್ಕಳು. ಮಗ ದೂರ ಹೋಗಿ ನಿಂತ, ನಮ್ಮ ಜೊತೆ ಬಂದವನಲ್ಲ ಅನ್ನುವ ಹಾಗೆ.

ವಾಪಸ್ಸು ಬರುವಾಗ ನನಗೆ ಹೊಳೆದದ್ದು ಮಾತ್ರ ನನ್ನದೇ ಕಸುಬಿನ ಮಾತು. ಫ್ಯಾಟ್ 3.5 ಅಂತ ಮಿಷನ್ ತೋರಿಸಿದರೆ ಅದು ಒಳ್ಳೆ ಹಸುವಿನ ಹಾಲಿರಬಹುದು, ಎಮ್ಮೆ ಹಾಲಿಗೆ ಬೋರ್‌ವೆಲ್ ಸೇರಿದ್ದೂ ಇರಬಹುದು. ಎಸ್‌ಎನ್‌ಎಫ್ 8.5 ಇದೆಯೋ ಇಲ್ಲವೋ ನೋಡಿದ ಮೇಲೇ ನೀರು ಬಯಲಾಗುವುದು. ಡಿಸ್ಟಾರ್ಷನ್ನಿನ ಶೇಕಡವೂ ಒಂಟಿ ಫ್ಯಾಟ್ ಇದ್ದ ಹಾಗೆ, ಎಷ್ಟು ಅಂತ ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಎರಡು ಪಟ್ಟಿನ ಸ್ವರ ಶೇ. 1ರಷ್ಟು ಬೆರೆತರೂ ಮೂಲ ಸ್ವರದ ನೆರಳಿನಲ್ಲಿ ಅಡಗಿಬಿಡುತ್ತದೆ. ದೊಡ್ಡ ಸದ್ದೊಂದು ತನ್ನ ಪಕ್ಕದ, ಅದರಲ್ಲೂ ತನಗಿಂತ ತುಸು ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಹಾಕುವುದು ಕಿವಿಯ ಸ್ವಭಾವ. ಏಳು, ಒಂಬತ್ತು ಪಟ್ಟಿನವು ದೂರದಲ್ಲಿರುತ್ತವೆ, ನೆರಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಅದರ ಮೇಲೆ ಏಳನೆಯದು ನಮ್ಮ ಯಾವ ಸ್ವರಸ್ಥಾನದಲ್ಲೂ ನೆಟ್ಟಗೆ ಕೂರುವುದಿಲ್ಲ. ಅವು ಬಹಳ ಕಡಿಮೆಯಿದ್ದರೂ ಚುಚ್ಚುತ್ತವೆ. ಇಷ್ಟು ವರ್ಷ ಹಾಲಿನಲ್ಲಿ ಎರಡು ಅಂಕಿ ನೋಡಿದವನು ಅಂಗಡಿಯಲ್ಲಿ ಒಂದೇ ಅಂಕಿಗೆ ಮರುಳಾದೆ.

ಹೋಗಲಿ, ಆ 0.01 ಆದರೂ ನನ್ನ ಕಿವಿಯವರೆಗೆ ಬಂತೇ? ಆಂಪ್ಲಿಫೈಯರ್ ಎಷ್ಟೇ ಮಡಿಯಾಗಿದ್ದರೂ ಅದಕ್ಕೆ ಸಿಕ್ಕಿಸಿದ ನನ್ನ ಹಳೇ ಸ್ಪೀಕರ್ ಬಾಕ್ಸು ಜೋರು ಬಾಸಿನಲ್ಲಿ ತಾನೇ ಶೇಕಡ ಲೆಕ್ಕದಲ್ಲಿ ಮೈಲಿಗೆ ಸೇರಿಸುತ್ತದೆ. ಅದನ್ನೂ ದಾಟಿದರೆ ಕಿವಿ ಇದೆ. ಇಟಲಿಯ ಪಿಟೀಲುಗಾರ ಟಾರ್ಟಿನಿ 1714ರಲ್ಲೇ ಕಂಡುಕೊಂಡ ವಿಷಯ: ಎರಡು ಸ್ವರ ಒಟ್ಟಿಗೆ ಜೋರಾಗಿ ನುಡಿಸಿದರೆ ಯಾರೂ ನುಡಿಸದ ಮೂರನೆಯ ಸ್ವರವೊಂದು ಕೇಳುತ್ತದೆ. ಕಿವಿ ಅದನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಅನ್ನುವವರು ಕಿವಿಯೊಳಗೆ ಪುಟ್ಟ ಮೈಕು ಇಟ್ಟು, ಕಿವಿ ಕೇಳುವುದಷ್ಟೇ ಅಲ್ಲ, ತಾನೂ ಸದ್ದು ಹೊರಗೆ ಬಿಡುತ್ತದೆ ಅಂತ ತೋರಿಸಿದರು. ಎರಡು ಸ್ವರ ಕೊಟ್ಟರೆ ಮೂರನೆಯದನ್ನು ಮಾಡಿ ವಾಪಸ್ಸು ಕಳಿಸುವ ಈ ಚಾಳಿಯನ್ನೇ ನೋಡಿ ಈಗ ಎಳೆಗೂಸುಗಳ ಕಿವಿ ಪರೀಕ್ಷೆ ಮಾಡುತ್ತಾರೆ. ಕಲಬೆರಕೆ ಮಾಡಿದರೆ ಕಿವಿ ಚೆನ್ನಾಗಿದೆ ಅಂತ ಅರ್ಥ. ಇದನ್ನು ಡೇರಿಯಲ್ಲಿ ಹೇಳುವಂತಿಲ್ಲ.

ಅಷ್ಟರಲ್ಲಿ ಮಾರಮ್ಮನ ಹಬ್ಬ ಬಂತು. ಮೈಕ್‌ಸೆಟ್ಟಿನವನ ಆಂಪ್ಲಿಫೈಯರ್ ಹಿಂದಿನ ರಾತ್ರಿ ಸುಟ್ಟುಹೋಗಿ, ಕಮಿಟಿಯ ಹುಡುಗ ನಮ್ಮ ಮನೆಗೆ ಓಡಿಬಂದ. "ಅಣ್ಣ, ನಿಮ್ಮದು ಭಾರಿ ಸೆಟ್ಟಂತೆ. ಒಂದ್ ದಿನದ ಮಟ್ಟಿಗೆ ಕೊಡಿ." ಕೊನೆಗೂ ಊರಿಗೆ ನನ್ನ ಬೆಲೆ ತಿಳಿಯಿತು ಅಂತ ಪೆಟ್ಟಿಗೆಗೆ ಟವೆಲ್ ಸುತ್ತಿ, ಲೌಡ್‌ನೆಸ್ ಗುಂಡಿಯ ಬಗ್ಗೆ ಸಣ್ಣದೊಂದು ಭಾಷಣ ಮಾಡಿ ಕಳಿಸಿಕೊಟ್ಟೆ. ಗುಡಿಯ ಮುಂದಿನ ಬೇವಿನ ಮರದಲ್ಲಿದ್ದ ಹಾರ್ನಿಗೆ ಅದನ್ನು ಸಿಕ್ಕಿಸಿದರು. ಒಂದು ಹಾಡು ಮುಗಿಯಿತು. ಎರಡನೆಯದು ಅರ್ಧದಲ್ಲೇ ನಿಂತಿತು. ಪೆಟ್ಟಿಗೆ ಅದೇ ಟವೆಲಿನಲ್ಲಿ ವಾಪಸ್ಸು ಬಂತು.

"ಯಾಕಪ್ಪ, ಕೆಟ್ಟೋಯ್ತಾ?"

"ಇಲ್ಲಣ್ಣ, ಚೆನ್ನಾಗೇ ಅದೆ. ಆದ್ರೆ ಒಡಿಯಾಕೇ ಒಲ್ದು. ಹಬ್ಬ ಶುರುವಾಗೈತೆ ಅಂತ್ಲೇ ಜನಕ್ ಗೊತ್ತಾಯ್ತಾ ಇಲ್ಲ. ಅತ್ಲಾಗಿ ನಿಮ್ಮ ಹಳೇ ಡಬ್ಬ ಇತ್ತಲ್ಲ, ಎಸ್.ಪಿ. ರೋಡಿಂದು?"

ಹಾರ್ನಿಗೆ ಹತ್ತು ವ್ಯಾಟು ಧಾರಾಳ. ಅದಕ್ಕೆ ಬಾಸು ಬರುವುದೇ ಇಲ್ಲ, ಕಿವಿ ಚುರುಕಿರುವ ಜಾಗದಲ್ಲಿ ಮಾತ್ರ ಕೂಗುವುದು ಅದರ ಜಾಯಮಾನ, ಹಾಗಾಗಿ ಶೇ. 10 ಒಡೆಯುವ 4440ಕ್ಕೂ ಅದಕ್ಕೂ ಜಾತಕ ಚೆನ್ನಾಗಿ ಕೂಡುತ್ತದೆ. ಇಷ್ಟನ್ನೂ ಅವನಿಗೆ ಹೇಳಿ, ಆಮೇಲೆ ಅಟ್ಟದಿಂದ ಹಳೆಯದನ್ನು ಇಳಿಸಿ ಪುಗಸಟ್ಟೆ ಕೊಟ್ಟು ದೊಡ್ಡವನಾಗುವ ಅಂತ ಬಾಯಿ ತೆರೆದೆ. ಒಳಗಿನಿಂದ ಅವಳ ದನಿ ಬಂತು, ಸುಮಾರು 3000 ಹರ್ಟ್ಝ್‌ನಲ್ಲಿ.

"ದಿನಕ್ಕೆ ಮುನ್ನೂರು ಕಣಪ್ಪ, ಅಡ್ವಾನ್ಸ್ ಈಗ್ಲೇ ಕೊಟ್ಟೋಗು. ಸೊಸೈಟಿ ಕಂತು ಕಟ್‌ಬೇಕು."

ಜಗಲಿಯಿಂದ ಅವ್ವ ತಲೆಯೆತ್ತಿ, "ಯಾತರ ಕಂತ್ಲಾ?" ಅಂದಳು.